ಗಾಡಿ ದನಿ

ಗಾಜಿನಂಗಡಿಯವರ ಮನೆಯಲ್ಲಿ ಹಳೆಯ ಪಿಕಪ್ ಗಾಡಿಯೂ ಒಬ್ಬ ನೆಂಟ. ಯಜಮಾನರು ಅದನ್ನು ಕೊಂಡದ್ದು ಮಗ ಹುಟ್ಟುವುದಕ್ಕೆ ಮೊದಲು. ಹಾಗಾಗಿ ಮಗನಿಗೆ ಅದು ಅಣ್ಣ, ಸೊಸೆಗೆ ಭಾವ, ಮೊಮ್ಮಗಳಿಗೆ ದೊಡ್ಡಪ್ಪ. "ಭಾವನವರಿಗೆ ಡೀಸೆಲ್ ಹಾಕಿಸಿದ್ರಾ?" ಎಂದು ಸೊಸೆ ಅಂಗಡಿಯ ಮುಂದೆ ನಿಂತು ಕೇಳಿದಾಗ ಹೊಸ ಗಿರಾಕಿಗಳು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಕೆಳಗೆ ಅಂಗಡಿ, ಮೇಲೆ ಮನೆ. ಮಗ ಕೆಳಗೆ ಗಾಜು ಕತ್ತರಿಸುತ್ತಿದ್ದ. ಮಾವ, ಸೊಸೆ ಇಬ್ಬರೂ ವಾರದಲ್ಲಿ ಹಲವು ಸಲ ಹೆದ್ದಾರಿ ಹಿಡಿದು ಕಾರ್ಖಾನೆಗೆ ಹೋಗಿ ಗಾಜಿನ ಹಾಳೆಗಳನ್ನು ತರುತ್ತಿದ್ದರು, ದಾರಿಯಲ್ಲೇ ಕನ್ನಡಿಗಳನ್ನು ಗಿರಾಕಿಗಳಿಗೆ ತಲುಪಿಸುತ್ತಿದ್ದರು. ಮಾವ ಓಡಿಸುವುದು, ಸೊಸೆ ಇಳಿದು ಹಿಡಿಯುವುದು. ಗಾಜನ್ನು ಮಲಗಿಸಬಾರದು, ನಿಲ್ಲಿಸಬೇಕು, ಸ್ವಲ್ಪ ಓರೆಯಾಗಿ, ಗೋಡೆಗೆ ಒರಗಿದ ಮನುಷ್ಯನ ಹಾಗೆ. ಇದನ್ನು ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಕಲಿಸಿದವರು ಮಾವನೇ.

ಗಾಡಿಗೆ ನಾಲ್ಕೇ ಗೇರು. ಹೆದ್ದಾರಿಯಲ್ಲಿ ಅರವತ್ತರ ವೇಗ ಮುಟ್ಟಿತೆಂದರೆ ಎಂಜಿನ್ನು ಹಿಟ್ಟಿನ ಗಿರಣಿಯಂತೆ ಅರಚುತ್ತಿತ್ತು. ಕಿಟಕಿ, ಬಾಗಿಲು, ಸೀಟು, ಹಲ್ಲು ಎಲ್ಲವೂ ಅದುರುತ್ತಿದ್ದವು. ವೇಗ ತೋರಿಸುವ ಮುಳ್ಳು ಸತ್ತು ಎಷ್ಟೋ ಕಾಲವಾಗಿತ್ತು. "ನನ್ನ ಕಿವೀನೇ ಮೀಟರು," ಎನ್ನುತ್ತಿದ್ದರು ಮಾವ. ಎಂಜಿನ್ನು ಒಂದು ನಿರ್ದಿಷ್ಟ ಶ್ರುತಿ ಮುಟ್ಟಿದಾಗ ಅವರ ಪಾದ ತಾನಾಗಿ ನಿಲ್ಲುತ್ತಿತ್ತು.

ಮನೆಗೆ ಬಂದ ಮೇಲೂ ಸ್ವಲ್ಪ ಹೊತ್ತು ಇಬ್ಬರೂ ಕೂಗಿಯೇ ಮಾತಾಡುತ್ತಿದ್ದರು. ಅದಕ್ಕೆ ಮನೆಯಲ್ಲಿ ಒಂದು ಹೆಸರೇ ಇತ್ತು: ಗಾಡಿ ದನಿ. "ಗಾಡಿ ದನಿ ಇಳಿಸಿ" ಎಂದರೆ ಮೆಲ್ಲಗೆ ಮಾತಾಡಿ ಎಂದರ್ಥ. ಸೊಸೆಯದು ಚಹಾ ಕುಡಿಯುವಷ್ಟರಲ್ಲಿ ಇಳಿಯುತ್ತಿತ್ತು. ಮಾವನದು ಈಚೆಗೆ ಮಲಗುವವರೆಗೂ ಇಳಿಯುತ್ತಿರಲಿಲ್ಲ.

ಜಗಳ ಶುರುವಾದದ್ದು ಒಂದು ಸಂಜೆ, ಊಟದ ಮೇಜಿನಲ್ಲಿ.

"ಉಪ್ಪು!" ಎಂದರು ಮಾವ.

ಪಕ್ಕದ ಮನೆಯ ಮಗು ಎದ್ದು ಅಳತೊಡಗಿತು.

"ಊರಿಗೆಲ್ಲ ಉಪ್ಪು ಹಂಚೋರ ಹಾಗೆ ಕೂಗ್ತೀರಲ್ಲ," ಎಂದು ಅತ್ತೆ ಉಪ್ಪಿನ ಬಟ್ಟಲನ್ನು ಅವರ ಬಲಗಡೆಗೆ ಸರಿಸಿದರು.

ಸೊಸೆ ಹಣೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಆಲೂಗಡ್ಡೆ ಪಲ್ಯ ಬಡಿಸುತ್ತಿದ್ದಳು. ಮಗ ಅವಳನ್ನೇ ನೋಡುತ್ತಿದ್ದವನು ಹೇಳಿದ: "ಅಪ್ಪ, ಇನ್ನು ಸಾಕು. ಅಣ್ಣನ್ನ ಮಾರಿಬಿಡೋಣ. ಬಾಡಿಗೆಗೆ ಒಂದು ವ್ಯಾನ್ ಗೊತ್ತುಮಾಡ್ಕೊಂಡ್ರೆ ಆಯ್ತು. ಇವಳಿಗೆ ದಿನಾ ತಲೆನೋವು, ನಿಮಗೂ ವಯಸ್ಸಾಯ್ತು."

ಮಾವ ಅಗಿಯುತ್ತಲೇ ಇದ್ದರು.

ಅತ್ತೆಗೆ ಒಂದು ಚಾಳಿ. ಯಾರು ಏನೇ ಹೇಳಲಿ, ಅದನ್ನು ಗಂಡನಿಗೆ ಎರಡನೇ ಸಲ ಒಪ್ಪಿಸಬೇಕು, ಅದೂ ಬೈಗುಳದ ಜೊತೆ. "ಕೇಳಿಸ್ತಾ? ಗಾಡಿ ಮಾರ್ತಾನಂತೆ ನಿಮ್ಮ ಮಗ! ವ್ಯಾನ್ ತರ್ತಾನಂತೆ! ಸುಮ್ನೆ ಮೆಲ್ಲುತ್ತಾ ಕೂತಿದೀರಲ್ಲ!"

"ಮಾರ್ಲಿ! ನನ್ನೂ ಅದರ ಜೊತೆ ತೂಕಕ್ಕೆ ಹಾಕ್ಲಿ! ಹಳೇ ಕಬ್ಬಿಣ ಎರಡೂ ಒಟ್ಟಿಗೆ ಹೋಗ್ಲಿ!"

"ಅಜ್ಜಿ, ನೀನು ಬೆಂಕಿಗೆ ಎಣ್ಣೆ ಹೊಯ್ಯೋದು ಬಿಡು," ಎಂದಳು ಮೊಮ್ಮಗಳು. ಅವಳನ್ನು ಮನೆಯವರೆಲ್ಲ ಕರೆಯುವುದು ಪಾನಾ ಎಂದು. ಗೇರುಪೆಟ್ಟಿಗೆ ರಿಪೇರಿ ಮಾಡುವ ಶೆಡ್ಡಿನಲ್ಲಿ ಅವಳಿಗೆ ಕೆಲಸ, ಜೇಬಿನಲ್ಲಿ ಯಾವಾಗಲೂ ನಟ್ಟು ಬಿಚ್ಚುವ ಒಂದು ಪಾನಾ. "ಮಾರೋದು ಬೇಡ ಅಪ್ಪ. ದೊಡ್ಡಪ್ಪ ಕೂಗೋದನ್ನ ನಿಲ್ಲಿಸಬಹುದು."

"ಹೇಗೆ?"

ಅವಳು ಪುಟ್ಟ ಲೋಟವೊಂದನ್ನು ತಟ್ಟೆಯ ಅಂಚಿಗೆ ತಾಗಿಸಿ ಉರುಳಿಸಿ ತೋರಿಸಿದಳು. "ಇದು ಏರು ಹತ್ತಿ ಭಾರ ಹೊರೋಕೆ ಅಂತ ಕಟ್ಟಿದ ಗಾಡಿ. ಹೆದ್ದಾರಿಗೆ ಅಂತ ಅಲ್ಲ. ಟಾಪ್ ಗೇರಲ್ಲೂ ಚಕ್ರ ಒಂದು ಸುತ್ತು ಬರ್ಬೇಕಾದ್ರೆ ಎಂಜಿನ್ ಐದು ಸುತ್ತು ಕುಣೀಬೇಕು. ಹಿಂದಿನ ಆಕ್ಸೆಲ್ ಒಳಗಿರೋ ಹಲ್ಲಿನ ಚಕ್ರದ ಜೋಡಿ ಬದಲಾಯಿಸಿದ್ರೆ ನಾಲ್ಕು ಸುತ್ತಿಗೇ ಆಗುತ್ತೆ. ಅದೇ ಅರವತ್ತು, ಅರ್ಧ ಗಲಾಟೆ."

"ಏರು ಹತ್ತುತ್ತಾ?"

"ಮೂರನೇ ಗೇರಲ್ಲಿ ಹತ್ತೋದನ್ನ ಎರಡನೇದ್ರಲ್ಲಿ ಹತ್ತುತ್ತೆ. ಹೊರಡುವಾಗ ಕ್ಲಚ್ಚು ನಿಧಾನಕ್ಕೆ ಬಿಡ್ಬೇಕು, ಅಷ್ಟೇ. ಎಲ್ಲಾನೂ ಸಿಗಲ್ಲ."

"ಕೇಳಿಸ್ತಾ?" ಎಂದರು ಅತ್ತೆ. "ಗಾಡಿ ಕೂಗೋದನ್ನ ನಿಲ್ಲಿಸ್ತಾಳಂತೆ ನಿಮ್ಮ ಮೊಮ್ಮಗಳು!"

ಮಾವ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದರು. "ಯಾಕೆ? ಅದು ಕೂಗಿದ್ರೆ ಯಾರ ಗಂಟು ಹೋಗುತ್ತೆ? ಮಾತಾಡೋ ಗಾಡಿ ಬಾಯಿ ಹೊಲೀತೀರಾ?"

"ಒಂದೋ ಬಾಯಿ ಹೊಲೀಬೇಕು, ಇಲ್ಲಾ ಮಾರ್ಬೇಕು," ಎಂದ ಮಗ. "ಎರಡರಲ್ಲಿ ಒಂದು. ಅಮ್ಮ, ಅದನ್ನೂ ಹೇಳಿಬಿಡು."

ಅತ್ತೆ ಹೇಳಿದರು. ಮಾವ ಎದ್ದು ಕೈ ತೊಳೆದರು. ತಟ್ಟೆಯಲ್ಲಿ ಅರ್ಧ ಊಟ ಉಳಿದಿತ್ತು.

ಸೊಸೆ ಆ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ತಲೆನೋವು ನಿಜ. ಆದರೆ ಆ ಗಲಾಟೆಯಿಂದ ಅವಳಿಗೊಂದು ಉಪಯೋಗವೂ ಇತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಟಾಪ್ ಗೇರು ಬಿದ್ದ ಕೂಡಲೇ ಅವಳು ಮಾತಾಡಲು ಶುರುಮಾಡುತ್ತಿದ್ದಳು. ಮನೆಯಲ್ಲಿ ಆಡಲಾಗದ್ದನ್ನೆಲ್ಲ ಮುಂದಿನ ಗಾಜನ್ನು ನೋಡುತ್ತಾ ಆಡಿಬಿಡುತ್ತಿದ್ದಳು. ಗಂಡ ತನ್ನನ್ನು ಒಂದು ಮಾತೂ ಕೇಳದೆ ಅಂಗಡಿಯ ಗೋಡೆ ಒಡೆಸಿದ್ದು, ಅತ್ತೆ ತಾನು ತೊಳೆದ ಪಾತ್ರೆಯನ್ನು ಮತ್ತೆ ತೊಳೆಯುವುದು, ತಾಯಿ ಸತ್ತಾಗ ತಾನು ಗಾಜಿನ ಲೋಡಿನ ಜೊತೆ ದಾರಿಯಲ್ಲಿದ್ದದ್ದು. ಪಕ್ಕದಲ್ಲಿ ಮಾವ ರಸ್ತೆ ನೋಡುತ್ತಿದ್ದರು. ಮನೆ ಮುಟ್ಟುವ ಹೊತ್ತಿಗೆ ತಲೆ ಭಾರವಾಗಿ ಎದೆ ಹಗುರಾಗಿರುತ್ತಿತ್ತು.

ಬೇರೆ ಜಾತಿಯ ಗಾಡಿಯೊಂದರ ಹಲ್ಲಿನ ಚಕ್ರಗಳು ಗುಜರಿಯಲ್ಲಿ ಸಿಕ್ಕವು. ಅಂಗಡಿಗೆ ರಜೆ ಇದ್ದ ದಿನ ಪಾನಾ ಗಾಡಿಯ ಹಿಂಭಾಗವನ್ನು ಎತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸಿದಳು. ಮಾರಬೇಕೆಂದು ಹಟ ಹಿಡಿದಿದ್ದ ಅಪ್ಪನೇ ಅಡಿಯಲ್ಲಿ ಮಲಗಿ ದೀಪ ಹಿಡಿದ. ಮೊಣಕೈವರೆಗೆ ಕಪ್ಪು ಎಣ್ಣೆ.

"ನೀನು ಇದನ್ನ ಮಾರ್ತೀನಿ ಅಂದಿದ್ದು ನಿಜಾನಾ ಅಪ್ಪ?"

"ಹೂಂ. ಸಣ್ಣೋನಿದ್ದಾಗ ನನಗೂ ಇದಕ್ಕೂ ಒಂದೇ ದಿನ ಸ್ನಾನ ಮಾಡಿಸ್ತಿದ್ರು. ಮೊದಲು ಇದಕ್ಕೆ, ಉಳಿದ ನೀರು ನನಗೆ."

"ಅಣ್ಣ ಅಲ್ವಾ, ಅವನ ಪಾಳಿ ಮೊದಲು."

"ಬಾಯಿ ಮುಚ್ಕೊಂಡು ಬೋಲ್ಟ್ ಬಿಗಿ."

ಹೊಸ ಹಲ್ಲುಗಳಿಗೆ ಬಣ್ಣ ಬಳಿದು, ಕೈಯಿಂದ ತಿರುಗಿಸಿ, ಒಂದರ ಗುರುತು ಇನ್ನೊಂದರ ಮೇಲೆ ಎಲ್ಲಿ ಬೀಳುತ್ತದೆ ಎಂದು ಅವಳು ನೋಡಿದಳು. ಗುರುತು ಅಂಚಿಗೆ ಬಿದ್ದರೆ ಬಿಚ್ಚಿ, ತೆಳುವಾದ ಬಿಲ್ಲೆಯೊಂದನ್ನು ಸೇರಿಸಿ, ಮತ್ತೆ ಜೋಡಿಸಿ, ಮತ್ತೆ ತಿರುಗಿಸುವುದು. ಗುರುತು ಹಲ್ಲಿನ ನಟ್ಟನಡುವೆ ಬೀಳುವವರೆಗೂ ಅವಳು ಬಿಡಲಿಲ್ಲ. ತಾತ ಅಂಗಡಿಯ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತಿದ್ದರು.

"ತಾತ, ಹೇಗಿದ್ರೂ ಬಿಚ್ಚಿದೀನಿ, ಮೀಟರೂ ಸರಿಮಾಡ್ಲಾ?"

ಅವರು ತಿರುಗಲಿಲ್ಲ.

"ಸಿಟ್ಟು," ಎಂದ ಅಪ್ಪ ಅಡಿಯಿಂದ. "ಬಿಡು, ಇಳಿಯುತ್ತೆ."

ಮೊದಲ ದಿನ ಹೆದ್ದಾರಿಯಲ್ಲಿ ಟಾಪ್ ಗೇರು ಬಿದ್ದಾಗ ಸೊಸೆಗೆ ಗಾಡಿ ಕೆಟ್ಟು ನಿಂತಿತೇನೋ ಅನ್ನಿಸಿತು. ಎಂಜಿನ್ನು ಎಲ್ಲೋ ದೂರದಲ್ಲಿ ಗೊಣಗುತ್ತಿತ್ತು, ಅಷ್ಟೇ. ಹಿಂದೆ ಹಗ್ಗ ಬಿಗಿಯಾಗುವುದು, ಗಾಜಿನ ನಡುವಿನ ಗೋಣಿ ಪಟ್ಟಿ ಕಿರುಗುಡುವುದು, ಕಿಟಕಿಯ ಸಂದಿಯಲ್ಲಿ ಗಾಳಿ, ಎಲ್ಲವೂ ಕೇಳಿಸಿದವು. ಅಭ್ಯಾಸಬಲದಿಂದ ಅವಳ ಬಾಯಿ ತೆರೆಯಿತು. ಒಂದು ಪದ ಹೊರಬಂತು, ತನ್ನ ದನಿ ತನಗೇ ಸ್ಪಷ್ಟವಾಗಿ ಕೇಳಿಸಿತು. ತಟ್ಟನೆ ಬಾಯಿ ಮುಚ್ಚಿದಳು.

ಸ್ವಲ್ಪ ದೂರ ಹೋದ ಮೇಲೆ ಸಹಜವಾಗಿ ಹೇಳಿದಳು: "ಎಷ್ಟು ಆರಾಮಾಗಿದೆ ಅಲ್ವಾ ಮಾವ?"

ಮಾವ ರಸ್ತೆ ನೋಡುತ್ತಿದ್ದರು.

"ಮಾವ, ಒಂದು ಚೂರು ನಿಧಾನ." ಪಕ್ಕದ ಮರಗಳು ಎಂದಿಗಿಂತ ಬೇಗ ಹಿಂದೆ ಸರಿಯುತ್ತಿದ್ದವು. ಯಾವತ್ತೂ ತಮ್ಮನ್ನು ದಾಟಿ ಹೋಗುತ್ತಿದ್ದ ಕಾರುಗಳನ್ನು ಇಂದು ಗಾಡಿಯೇ ದಾಟುತ್ತಿತ್ತು. ಕಾರ್ಖಾನೆಯ ತಿರುವು ಬಂತು. "ಇಲ್ಲೇ, ಇಲ್ಲೇ!" ಎಂದಳು. ಗಾಡಿ ನೇರ ಮುಂದೆ ಹೋಯಿತು.

ಮನೆಯಲ್ಲಿ ಅವಳು ಬಟ್ಟೆ ಮಡಚುತ್ತಾ ಗಂಡನಿಗೆ ಹೇಳಿದಳು: "ಮಾವ ನನ್ನ ಜೊತೆ ಮಾತು ಬಿಟ್ಟಿದಾರೆ."

"ನನ್ನ ಜೊತೆ ಯಾವಾಗ ಆಡ್ತಿದ್ರು?"

"ನಗಬೇಡಿ. ನನ್ನ ತಲೆನೋವಿನಿಂದ ತಾನೇ ಇಷ್ಟೆಲ್ಲ ಆಗಿದ್ದು? ನನ್ನ ಮೇಲೆ ಸೇಡು."

ಹೀಗೆ ವಾರಗಳು ಕಳೆದವು. ಸೊಸೆಯ ತಲೆನೋವು ಹೋಯಿತು. ಆದರೆ ಅವಳು ಪಾತ್ರೆಗಳನ್ನು ಸದ್ದು ಮಾಡಿ ಇಡತೊಡಗಿದಳು. ಅತ್ತೆ ತೊಳೆದದ್ದನ್ನೇ ಮತ್ತೆ ತೊಳೆದಾಗ ಒಂದು ದಿನ ಅಂದೇಬಿಟ್ಟಳು: "ಮೂರನೇ ಸಲ ನಾನು ತೊಳೀಲಾ ಅತ್ತೆ, ಇಲ್ಲ ನೀವೇ ತೊಳೀತೀರಾ?" ಅತ್ತೆ ಎರಡು ದಿನ ಅಡುಗೆಮನೆಗೆ ಬರಲಿಲ್ಲ.

ಪಾನಾಳಿಗೆ ಬೇರೆ ಚಿಂತೆ. "ಎಂಜಿನ್ ಕಡಿಮೆ ತಿರುಗುತ್ತೆ, ಡೀಸೆಲ್ ಉಳೀಬೇಕಿತ್ತು. ಉಳೀತಿಲ್ಲ. ಬ್ರೇಕೂ ಬೇಗ ಸವೀತಿದೆ. ನಾನೆಲ್ಲಿ ತಪ್ಪಿದೆ?" ಎಂದು ಊಟ ಮಾಡುತ್ತಾ ತಟ್ಟೆಯ ಅಂಚನ್ನೇ ನೋಡುತ್ತಿದ್ದಳು.

"ನೀರು!" ಎಂದರು ತಾತ.

"ಗಾಡಿ ದನಿ ಇಳಿಸಿ ಅಪ್ಪ," ಎಂದ ಮಗ. "ಗಾಡಿಯೇ ಇಳಿಸ್ಕೊಂಡಾಯ್ತು, ನೀವಿನ್ನೂ ಇಳಿಸಿಲ್ಲ."

ಅತ್ತೆ ನೀರಿನ ಲೋಟವನ್ನು ಗಂಡನ ಬಲಗಡೆ ಇಟ್ಟು, ಬಲಗಿವಿಯ ಹತ್ತಿರ ಬಗ್ಗಿ ಬೈದರು. "ಕೇಳಿಸ್ತಾ? ಮೆಲ್ಲಗೆ ಮಾತಾಡ್ಬೇಕಂತೆ!"

ಕ್ಷೌರದಂಗಡಿಯವನು ಗೋಡೆಯುದ್ದದ ಕನ್ನಡಿ ಮಾಡಿಕೊಡಲು ಹೇಳಿದ್ದ. ಮಗ ಅದರ ಅಂಚನ್ನು ಮೂರು ದಿನ ತಿಕ್ಕಿ ನಯ ಮಾಡಿದ್ದ. ಅದನ್ನು ಗಾಡಿಯಲ್ಲಿ ನಿಲ್ಲಿಸಿ, ಗೋಣಿ ಸುತ್ತಿ, ಹಗ್ಗ ಬಿಗಿದು ಮಾವ, ಸೊಸೆ ಹೊರಟರು.

ಹೆದ್ದಾರಿಯಲ್ಲಿ ಹಿಂದಿನಿಂದ ಬಸ್ಸೊಂದು ಬಂತು. ಹಾರನ್ ಹೊಡೆಯಿತು. ಮುಂದೆ ಮೆಲ್ಲಗೆ ಹೋಗುತ್ತಿದ್ದ ಲಾರಿಯನ್ನು ದಾಟಲು ಮಾವ ಪಕ್ಕಕ್ಕೆ ಎಳೆದರು. ಬಸ್ಸು ಬಿಡದೆ ಹಾರನ್ ಹೊಡೆಯುತ್ತಾ ಅಲ್ಲೇ ಬರುತ್ತಿತ್ತು.

"ಮಾವ, ಬಸ್ಸು! ಬಸ್ಸು ಮಾವ!"

ಅವಳು ಸ್ಟೀರಿಂಗಿಗೆ ಕೈ ಹಾಕಿದಳು. ಗಾಡಿ ಹೊಯ್ದಾಡಿತು. ಬಸ್ಸಿನ ಬದಿ ಒಂದು ಗೇಣಿನ ದೂರದಲ್ಲಿ ಉಜ್ಜಿಕೊಂಡಂತೆ ಹೋಯಿತು. ಮಾವ ಬ್ರೇಕ್ ತುಳಿದರು, ಹಿಂದೆ ಏನೋ ಟಕ್ ಎಂದಿತು. ದೊಡ್ಡ ಸದ್ದೇನಲ್ಲ, ಒಣಗಿದ ಕಡ್ಡಿಯ ಮೇಲೆ ಕಾಲಿಟ್ಟಂಥ ಸಣ್ಣ ಸದ್ದು. ಅವಳಿಗೆ ಅರ್ಥವಾಯಿತು. ಮಾವನ ಮುಖದಲ್ಲಿ ಅದು ಅರ್ಥವಾದ ಗುರುತೇ ಇರಲಿಲ್ಲ. ಗಾಜು ಬಿರಿದರೆ ನಿದ್ದೆಯಲ್ಲೂ ಎದ್ದು ಕೂರುತ್ತಿದ್ದ ಮನುಷ್ಯ ಅವರು.

ರಸ್ತೆಯ ಬದಿಯಲ್ಲಿ ಗಾಡಿ ನಿಂತಿತು.

"ಕನ್ನಡಿ ಹೋಯ್ತು ಮಾವ," ಎಂದಳು, ಎದುರಿನ ಗಾಜು ನೋಡುತ್ತಾ.

ಅವರು ಬಟ್ಟೆ ತೆಗೆದು ಸ್ಟೀರಿಂಗ್ ಒರೆಸುತ್ತಿದ್ದರು.

ಅವಳು ಕಿಟಕಿಯತ್ತ ಮುಖ ತಿರುಗಿಸಿ, ಮೆಲ್ಲಗೆ, ಬೇಕೆಂದೇ ಹೇಳಿದಳು: "ಮಾವ, ನಾಳೆ ಈ ಗಾಡೀನ ಗುಜರಿಗೆ ಹಾಕ್ತಾರಂತೆ."

ಅವರು ಬಟ್ಟೆ ಮಡಚಿ ಡ್ಯಾಶ್‌ಬೋರ್ಡಿನ ಮೇಲಿಟ್ಟರು.

ಅವಳು ಅವರ ತೋಳು ಮುಟ್ಟಿದಳು. "ಏನು?" ಎಂದರು ಅವರು ತಿರುಗಿ. ಗಾಡಿ ದನಿ. ಹೊರಗೆ ಬಯಲಿನವರೆಗೂ ಕೇಳಿಸುವಂಥ ದನಿ.

"ಯಾವಾಗಿಂದ ಮಾವ?" ಎಂದಳು ಅವಳೂ ಅದೇ ದನಿಯಲ್ಲಿ, ಅವರ ಎದುರಿಗೆ ಮುಖವಿಟ್ಟು.

ಅವರು ಅವಳ ತುಟಿ ನೋಡಿದರು. ಕೀಲಿ ತಿರುಗಿಸಿ ಎಂಜಿನ್ನು ಆರಿಸಿದರು.

"ಎಡಗಿವಿ ಹೋಗಿ ಬಹಳ ಕಾಲ ಆಯ್ತು. ಬಲಗಿವಿ ನೆಂಟರ ಹಾಗೆ, ಬರುತ್ತೆ, ಹೋಗುತ್ತೆ."

"ಮತ್ತೆ ಗಾಡಿ ಹೇಗೆ ಓಡಿಸ್ತಿದ್ರಿ?"

"ಅದು ಕೂಗ್ತಿತ್ತಲ್ಲ. ಅದೊಂದು ಕೇಳಿಸ್ತಿತ್ತು. ಈಗ ಅದು ಕೇಳಿಸೋವರೆಗೂ ತುಳೀತೀನಿ. ಕೇಳಿಸೋ ಹೊತ್ತಿಗೆ ಕಾರನ್ನೆಲ್ಲ ದಾಟಿರ್ತೀನಿ." ಅವರು ನಗಲು ನೋಡಿದರು. "ಆವಾಗ ಈ ಗಾಡೀಲಿ ಕೂತೋರೆಲ್ಲ ಕಿವುಡ್ರೇ ಕಣಮ್ಮ. ಈಗ ನಾನೊಬ್ನೇ."

ಒಂದಾದ ಮೇಲೊಂದು ವಾಹನಗಳು ಹಾದುಹೋದವು. ಒಂದೊಂದು ಹೋದಾಗಲೂ ಗಾಡಿ ಸಣ್ಣಗೆ ತೂಗುತ್ತಿತ್ತು.

"ಹಾಗಾದ್ರೆ, ನಾನು ಮಾತಾಡ್ತಿದ್ದಿದ್ದು?" ಎಂದಳು ಅವಳು. "ಮೊದಲು, ಗಾಡಿ ಕೂಗ್ತಿದ್ದಾಗ?"

"ತುಟಿ ಅಲ್ಲಾಡೋದು ಕಾಣಿಸ್ತಿತ್ತು. ಹಾಡ್ಕೋತಿದಾಳೆ ಅಂದ್ಕೊಂಡಿದ್ದೆ. ಹಾಡ್ತಿರ್ಲಿಲ್ವಾ?"

"ಹಾಡೇ ಮಾವ," ಎಂದಳು.

ಮತ್ತೆ ಎಂಜಿನ್ನು ಚಾಲೂ ಮಾಡುವ ಮುನ್ನ ಅವರು ಹೇಳಿದರು: "ನಿನ್ನ ಗಂಡನಿಗೆ ಹೇಳ್ಬೇಡ. ಕೀಲಿ ಕಿತ್ಕೋತಾನೆ. ಇದನ್ನ ಬಿಟ್ರೆ ನನಗೆ ಆ ಅಂಗಡೀಲಿ ಬೇರೆ ಕೆಲಸ ಇಲ್ಲ."

ಅವಳು ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎಂದೂ ಅನ್ನಲಿಲ್ಲ. ದಾರಿಯುದ್ದಕ್ಕೂ ಹಿಂದೆ ತಿರುಗಿ ರಸ್ತೆ ನೋಡುತ್ತಾ, ಯಾವುದಾದರೂ ಬಂದರೆ ಅವರ ತೋಳು ತಟ್ಟುತ್ತಾ ಮನೆಯವರೆಗೆ ಬಂದಳು.

ಮಗ ಗೋಣಿ ಬಿಚ್ಚಿದ. ಕನ್ನಡಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಿರುಕು ಓಡಿತ್ತು. ಅದರಲ್ಲಿ ಅವನ ಮುಖ ಎರಡಾಗಿ ಕಂಡಿತು. ಊಟಕ್ಕೆ ಕೂತಾಗ ಕೇಳಿದ.

"ಹೇಗಾಯ್ತು?"

ಪಾನಾ ಅಮ್ಮನ ಮುಖ ನೋಡಿದಳು. ಅಮ್ಮ ಮೊಟ್ಟೆ ಸುಲಿಯುತ್ತಿದ್ದಳು.

"ಕೇಳ್ತಾ ಇದೀನಿ, ಯಾರಾದ್ರೂ ಬಾಯಿ ಬಿಡಿ. ಅಪ್ಪ ಎಷ್ಟು ಜೋರಾಗಿ ಹೋಗ್ತಿದ್ರು?"

"ಕೇಳಿಸ್ತಾ?" ಎಂದು ಅತ್ತೆ ಶುರುಮಾಡಿದರು. "ನಿಮ್ಮ ಮಗ..."

ಸೊಸೆ ಅತ್ತೆಯ ಮುಂಗೈ ಹಿಡಿದಳು. ಬಲವಾಗಿ ಅಲ್ಲ, ಗಾಜಿನ ಅಂಚು ಹಿಡಿಯುವ ಹಾಗೆ. "ಅತ್ತೆ, ನಿಮಗೆ ಗೊತ್ತಿತ್ತು ಅಲ್ವಾ?"

ಅತ್ತೆ ಬಾಯಿ ತೆರೆದವರು ಹಾಗೇ ಉಳಿದರು. ಆ ಮೇಜಿನ ಮೇಲೆ ಒಂದು ಮಾತು ಎರಡನೇ ಸಲ ಹುಟ್ಟದೆ ನಿಂತದ್ದು ಅದೇ ಮೊದಲು. ಮಗನ ಪ್ರಶ್ನೆ ಅಲ್ಲೇ ಬಿದ್ದಿತ್ತು. ಮಾವ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ನೋಡಿದರು. ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ, ಏನೋ ಹೇಳಬೇಕಾಗಿದೆ ಎಂಬಷ್ಟು ಮಾತ್ರ ಅವರಿಗೆ ತಿಳಿದಂತಿತ್ತು. ಹೆಂಡತಿಯ ಕಡೆ ಬಗ್ಗಿ, ಎಷ್ಟೋ ಕಾಲದ ಮೇಲೆ ಮೆಲ್ಲನೆಯ ದನಿಯಲ್ಲಿ ಕೇಳಿದರು:

"ಏನಂದ?"

ಮಗನ ಕೈ ತಟ್ಟೆಯಲ್ಲೇ ನಿಂತಿತು.

ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡರು. "ಬೈದು ಬೈದು ಹೇಳಿ ನನಗೂ ಗಂಟಲು ಹೋಯ್ತು," ಎಂದರು ಯಾರಿಗೋ ಎಂಬಂತೆ. "ಬೈಯೋಳು ಅಂತ ನೀವೆಲ್ಲ ನಕ್ಕಿರಿ. ಇವರ ಮಾನ ಉಳಿಯುತ್ತೆ ಅಂತ ನಾನೂ ಸುಮ್ಮನಿದ್ದೆ."

"ಮೀಟರ್ ಸರಿಮಾಡ್ಲಾ ಅಂತ ಕೇಳಿದೆ," ಎಂದಳು ಪಾನಾ. "ಸಿಟ್ಟು ಅಂದ್ಕೊಂಡೆ."

ಮಗ ಎದ್ದು, ಮೇಜನ್ನು ಸುತ್ತಿ, ಅಪ್ಪನ ಬಲಗಡೆ ಕುರ್ಚಿ ಎಳೆದುಕೊಂಡು ಕೂತ. ಗಾಡಿ ದನಿಯಲ್ಲಿ ಕೂಗಿದ: "ಪೆಟ್ಟಾಯ್ತಾ ಅಪ್ಪ, ಇಬ್ಬರಿಗೂ?"

"ಇಲ್ಲ."

"ಕಿವಿ ತೋರಿಸೋಣ. ಮೆಷೀನ್ ಹಾಕ್ತಾರೆ."

"ಗಾಡಿ ಕಿವಿ ಹಿಂಡಿದ್ದಾಯ್ತು, ಇನ್ನು ನಂದಾ?" ಎಂದರು ಅವರು. ಆಮೇಲೆ ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟರು. ಮಗ ಕೈ ಚಾಚಿದ. ಅವರು ಅದನ್ನು ಅವನ ಕೈ ದಾಟಿಸಿ ಸೊಸೆಯ ಮುಂದಕ್ಕೆ ತಳ್ಳಿದರು.

"ಅವಳಿಗೆ ಓಡಿಸೋಕೆ ಬರಲ್ಲ ಅಪ್ಪ!"

"ಗಾಜು ಹಿಡಿಯೋಕೂ ಬರ್ತಿರ್ಲಿಲ್ಲ!"

ಪಕ್ಕದ ಮನೆಯ ಮಗು ಎದ್ದು ಅತ್ತಿತು.

ಸೊಸೆ ಕಲಿಯುವಾಗ ಗಾಡಿ ಏರಿನಲ್ಲಿ ಎಷ್ಟೋ ಸಲ ಆರಿಹೋಯಿತು. ಪಾನಾ ಮೀಟರನ್ನು ಹೊಸ ಹಲ್ಲಿನ ಲೆಕ್ಕಕ್ಕೆ ಹೊಂದಿಸಿ ಸರಿಮಾಡಿದಳು. ಆಸ್ಪತ್ರೆಯಲ್ಲಿ ಕಿವಿ ನೋಡಿದವರು ಮೆಷೀನಿಗೆ ಸರದಿಯಲ್ಲಿ ಕಾಯಬೇಕೆಂದರು. ಅಲ್ಲಿಯವರೆಗೆ ಮನೆಯವರೆಲ್ಲ ಗಾಡಿ ದನಿಯಲ್ಲೇ ಮಾತಾಡಿದರು, ಅತ್ತೆಯೊಬ್ಬರನ್ನು ಬಿಟ್ಟು. ಅವರಿಗೆ ಈಗ ಬಿಡುವು ಸಿಕ್ಕಿತ್ತು. "ಗಾಡಿ ಸದ್ದು ಕಡಿಮೆ ಆಯ್ತು ಅಂತ ಖುಷಿಪಟ್ಟೆ," ಎಂದಳು ಪಕ್ಕದ ಮನೆಯಾಕೆ, "ನಿಮ್ಮ ಮನೆ ಸದ್ದು ಜಾಸ್ತಿ ಆಯ್ತಲ್ಲ ತಾಯಿ!"

ಕ್ಷೌರದಂಗಡಿಗೆ ಹೊಸ ಕನ್ನಡಿ ಒಯ್ದ ದಿನ ಸೊಸೆ ಸ್ಟೀರಿಂಗ್ ಹಿಡಿದಿದ್ದಳು. ಮಾವ ಅವಳ ಹಳೆಯ ಜಾಗದಲ್ಲಿ, ಅಂಗೈಯನ್ನು ಡ್ಯಾಶ್‌ಬೋರ್ಡಿಗೆ ಒತ್ತಿ ಕೂತಿದ್ದರು. ಅದುರುವಿಕೆ ಬದಲಾದಾಗ ಬೆರಳಿನಿಂದ ಒಮ್ಮೆ ತಟ್ಟುತ್ತಿದ್ದರು, ಅವಳು ಗೇರು ಬದಲಾಯಿಸುತ್ತಿದ್ದಳು. ಹೆದ್ದಾರಿ ಬಂತು. ಟಾಪ್ ಗೇರು ಬಿತ್ತು. ಮುಳ್ಳು ಅರವತ್ತರಲ್ಲಿ ನಿಂತಿತು.

ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ಮಾತಾಡಿದಂತಾಯಿತು. ಮಾವ ಕಿಟಕಿಯಾಚೆ ನೋಡುತ್ತಾ, ಕೂಗದೆ, ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು. "ಕಿವಿ ಇದ್ದಾಗ ಅವಳ ಮಾತು ಕೇಳ್ಲಿಲ್ಲ. ಕೇಳೋಣ ಅಂದಾಗ ಕಿವಿ ಇಲ್ಲ. ಅವಳು ಬೈಯೋದು ನಿಲ್ಲಿಸಿದಾಳೆ. ಮನೆ ಬಿಕೋ ಅನ್ನುತ್ತೆ." ಆಮೇಲೆ ಮಗನ ಬಗ್ಗೆ ಒಂದು ಮಾತು, ಅವನಿಗೆ ಎಂದೂ ಹೇಳದಿದ್ದದ್ದು. ಸೊಸೆ ರಸ್ತೆ ನೋಡುತ್ತಿದ್ದಳು.

ತಿರುವಿನಲ್ಲಿ ಗಾಡಿ ನಿಧಾನವಾದಾಗ ಅವರು ಎಚ್ಚರಗೊಂಡವರಂತೆ ಅವಳತ್ತ ತಿರುಗಿದರು. "ನಾನೇನಾದ್ರೂ ಅಂದೆನಾ?"

ಅವಳು ಪೂರ್ತಿ ಅವರ ಕಡೆ ಮುಖ ಮಾಡಿ, ತುಟಿ ಕಾಣುವ ಹಾಗೆ, ಗಾಡಿ ದನಿಯಲ್ಲಿ ಹೇಳಿದಳು:

"ಹಾಡ್ಕೋತಿದ್ರಿ ಮಾವ."